ಅಪ್‌ಡೇಟ್: ಲೆಂಕೊ ಎಲ್75ರ ಗುಡುಗು ನಿಂತಿತು

ನಾನು ಹಿಂದೆ ಕೇಳಿದ್ದು ಇಷ್ಟೇ: ಲೆಂಕೊ ಎಲ್75 ರೆಕಾರ್ಡ್ ಪ್ಲೇಯರನ್ನು ಮನೆಯಲ್ಲೇ ಮಾಡಿದ ಪ್ಲೈವುಡ್ ಪ್ಲಿಂತ್‌ಗೆ (ಅಡಿಪೆಟ್ಟಿಗೆಗೆ) ಕೂರಿಸಿದ ಮೇಲೆ ಸ್ಪೀಕರಿನಲ್ಲಿ ಗುಂಯ್ ಅಂತ ಗುಡುಗು, ಏನು ಮಾಡೋದು?

ಅರ್ಥಿಂಗ್ ಸಮಸ್ಯೆ ಅಲ್ಲ. ಮುಳ್ಳು ಎತ್ತಿದ ಕೂಡಲೇ ಸದ್ದು ನಿಲ್ಲುತ್ತಿತ್ತು. ಹಮ್ (ಕರೆಂಟಿನ ಗುಂಯ್ ಸದ್ದು) ಆಗಿದ್ದರೆ ಮುಳ್ಳು ಎತ್ತಿದರೂ ಇರುತ್ತದೆ. ಮೋಟರ್ ನಿಮಿಷಕ್ಕೆ 1500 ಸುತ್ತಿನ ಆಸುಪಾಸು, ಅಂದರೆ 25 ಹರ್ಟ್ಸ್ ಕಂಪನ. ಅದು ಮರಕ್ಕೆ ಇಳಿಯುತ್ತಿದ್ದ ದಾರಿ ಸಿಕ್ಕಿತು: ಸ್ಪ್ರಿಂಗ್ ಜೋತು ಮೋಟರಿನ ಒಂದು ಮೂಲೆ ಪ್ಲಿಂತ್‌ನಲ್ಲಿ ಕೊರೆದ ಕಟೌಟಿನ ಅಂಚಿಗೆ ತಾಗಿತ್ತು. ಸುತ್ತ ಕಾಗದದ ಪಟ್ಟಿ ಆಡಿಸಿದರೆ ಸಿಕ್ಕಿಕೊಳ್ಳುವ ಜಾಗವೇ ಅದು. ಅಲ್ಲಿ 10 ಮಿ.ಮೀ. ಉಜ್ಜಿ ತೆಗೆದು ಸ್ಪ್ರಿಂಗ್ ಬದಲಿಸಿದ್ದಕ್ಕೆ ಮುಕ್ಕಾಲು ಪಾಲು ಸದ್ದು ಹೋಯಿತು.

ಉಳಿದದ್ದು ಐಡ್ಲರ್ ಚಕ್ರದ್ದು, ಅಂದರೆ ಮೋಟರಿನ ತಿರುಗಾಟವನ್ನು ಪ್ಲ್ಯಾಟರಿಗೆ (ರೆಕಾರ್ಡ್ ಕೂರುವ ತಟ್ಟೆಗೆ) ದಾಟಿಸುವ ಚಕ್ರದ್ದು. ರಬ್ಬರ್ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಚಕ್ರವನ್ನು ಒತ್ತುವ ಸ್ಪ್ರಿಂಗ್ ಸ್ವಲ್ಪ ಸಡಿಲ ಮಾಡಬೇಕು. ಬಿಗಿ ಜಾಸ್ತಿಯಾದರೆ ಮೋಟರಿನ ನಡುಕ ನೇರ ಪ್ಲ್ಯಾಟರಿಗೆ. ತೀರಾ ಸಡಿಲವಾದರೆ ಚಕ್ರ ಜಾರಿ ವೇಗ ಏರುಪೇರು. ಚಕ್ರ ತಾಗುವ ಪ್ಲ್ಯಾಟರಿನ ಕೆಳಬದಿಯಲ್ಲಿ ಎಣ್ಣೆಪಸೆ ಇರಲೇಬಾರದು.

ಪ್ಲಿಂತ್ ಬಗ್ಗೆ ಕೇಳಿದವರಿಗೆ: 18 ಮಿ.ಮೀ. ಬರ್ಚ್ ಪ್ಲೈ, ನಾಲ್ಕು ಪದರ. ಕಟೌಟ್ ಪ್ರತಿ ಪದರಕ್ಕೂ ಮೊದಲೇ ಕೊರೆದು, ಆಮೇಲೆ ಅಂಟಿಸಿ 24 ಗಂಟೆ ಕ್ಲ್ಯಾಂಪ್. ಮೋಟರಿನ ಕೆಳಗೆ ಗಾಳಿಗೆ ಜಾಗ ಬಿಡಿ, ಬಿಸಿಯಾಗುತ್ತದೆ.

33⅓ ವೇಗ ನೋಡಲು 50 ಹರ್ಟ್ಸ್ ಕರೆಂಟಿಗೆ 180 ಗೆರೆಯ ಸ್ಟ್ರೋಬ್ ಡಿಸ್ಕ್ ಸಾಕು; ಮಿನುಗುವ ಬೆಳಕಲ್ಲಿ ಗೆರೆ ನಿಂತಂತೆ ಕಂಡರೆ ವೇಗ ಸರಿ. ಆದರೆ ಒಳ್ಳೆಯ ಎಲ್‌ಇಡಿ ಮಿನುಗುವುದಿಲ್ಲ, ಹಳೇ ನಿಯಾನ್ ಟೆಸ್ಟರ್ ಬಲ್ಬೇ ವಾಸಿ.

ಟೋನ್‌ಆರ್ಮಿನ (ಮುಳ್ಳು ಹಿಡಿಯುವ ತೋಳಿನ) ವಿ-ಬ್ಲಾಕ್, ಅಂದರೆ ತೋಳು ಆಡುವ ಕೀಲಿನ ಕೆಳಗಿನ ರಬ್ಬರ್, ಪುಡಿಯಾಗಿದೆ. ಅದು ಇನ್ನೂ ಬಾಕಿ.