ಸೋರ್ಲಿ ಮಕ್ಲೇನ್ ಕವಿತೆ: ಓದಬೇಕಾ, ಅವರ ದನಿಯಲ್ಲೇ ಕೇಳಬೇಕಾ?

ದೀಪಾ: ಸ್ಕಾಟ್ಲೆಂಡಿನ ರಾಸೇ ದ್ವೀಪದಲ್ಲಿ 1911ರಲ್ಲಿ ಹುಟ್ಟಿದ ಗೇಲಿಕ್ ಕವಿ ಸೋರ್ಲಿ ಮಕ್ಲೇನ್. ತಮ್ಮ ಕವಿತೆಗಳನ್ನು ತಾವೇ ಓದಿ ರೆಕಾರ್ಡ್ ಮಾಡಿಸಿದ್ದಾರೆ. 1973ರಲ್ಲಿ ಕ್ಲಾಡಾ ಕಂಪನಿ ಎಲ್‌ಪಿ (ಗ್ರಾಮಫೋನ್ ತಟ್ಟೆ) ತಂದಿತ್ತು. ನಿನ್ನೆ ರಾತ್ರಿ 'ಹಾಲೆಗ್' ಓದಿದ್ದನ್ನು ಕೇಳಿದೆ. ನನಗೆ ಗೇಲಿಕ್ ಒಂದಕ್ಷರ ಬರಲ್ಲ, ಆದರೂ ಮೈ ಜುಮ್ಮೆಂದಿತು. ಅದೇ ದ್ವೀಪದಲ್ಲಿ ಜನ ಬಿಟ್ಟುಹೋದ ಹಾಲೆಗ್ ಅನ್ನೋ ಊರಿನ ಕವಿತೆ. ಅಲ್ಲಿನ ಹೆಣ್ಣುಮಕ್ಕಳು ಬರ್ಚ್ ಮರಗಳಾಗಿ ನಿಂತಿರುತ್ತಾರೆ. ಬರೀ ಅಚ್ಚಿನಲ್ಲಿ ಓದಿದರೆ ಅರ್ಧವೂ ದಕ್ಕಲ್ಲ.

ರವಿ: ಅರ್ಥವಾಗದೆ ಮೈ ಜುಮ್ಮೆಂದರೆ ಅದು ದನಿಯ ಗುಣ, ಕವಿತೆಯದ್ದಲ್ಲ. ಅವರು ಜಾಸ್ತಿ ರಾಗ ಎಳೆಯುತ್ತಾರೆ.

ಮಂಜುನಾಥ: "ಬಿಟ್ಟುಹೋದ ಊರು" ಅನ್ನಬೇಡಿ ಮೇಡಂ. ಯಾರೂ ಬಿಟ್ಟುಹೋಗಲಿಲ್ಲ. 1850ರ ದಶಕದಲ್ಲಿ ಜಮೀನುದಾರ ಜಾರ್ಜ್ ರೇನಿ ಒಕ್ಕಲೆಬ್ಬಿಸಿ ಕುರಿ ಬಿಟ್ಟ.

ರವಿ: 1846ರಲ್ಲಿ ಆಲೂಗಡ್ಡೆಗೆ ರೋಗ ಬಂದು ಆ ಕಡೆಯವರೆಲ್ಲ ಹಸಿದಿದ್ದರು. ಎಲ್ಲವನ್ನೂ ಒಬ್ಬನ ತಲೆಗೆ ಕಟ್ಟೋದು ಸುಲಭ.

ಮಂಜುನಾಥ: "ಸುಲಭ"ನಾ? 1883ರಲ್ಲಿ ಒಕ್ಕಲುಗಳ ಅಹವಾಲು ಕೇಳಲು ಸರ್ಕಾರ ನೇಮಿಸಿದ್ದ ನೇಪಿಯರ್ ಆಯೋಗದ ಮುಂದೆ ಜನ ಹೇಳಿದ್ದನ್ನು ಓದಿ. ದ್ವೀಪದಲ್ಲಿ ಯಾರೂ ಮದುವೆಯಾಗಬಾರದು ಅಂತ ರೇನಿ ಕಟ್ಟಳೆ ಮಾಡಿದ್ದನಂತೆ. ಅದಕ್ಕೂ ಆಲೂಗಡ್ಡೆ ಕಾರಣವಾ?

ರವಿ: ಮೂವತ್ತು ವರ್ಷದ ನಂತರದ ನೆನಪು ಅದು. ಸಾಲದಲ್ಲಿ ಮುಳುಗಿ ದ್ವೀಪ ಮಾರಿ ಆಸ್ಟ್ರೇಲಿಯಾಕ್ಕೆ ಹೋದ ಹಳೆಯ ಒಡೆಯ ಮಕ್ಲೌಡ್ ಬಗ್ಗೆ ಯಾಕೆ ಮಾತಿಲ್ಲ?

ಮಂಜುನಾಥ: ಮನೆ ಕಳೆದುಕೊಂಡವನಿಗೆ ಮೂವತ್ತು ವರ್ಷಕ್ಕೆ ಮರೆತುಹೋಗುತ್ತಾ? ಏನು ಮಾತು ಅಂತ ಆಡ್ತೀರಿ ರೀ! ನಾಚಿಕೆಯಾಗಬೇಕು.

ನಾಗಶ್ರೀ: ರವಿಯವರೇ, "ರಾಗ ಎಳೆಯುತ್ತಾರೆ" ಅಂದಿರಲ್ಲ. ಮಕ್ಲೇನ್ ಮನೆತನದ ತುಂಬ ಹಾಡುಗಾರರು. ಅವರಿಗೆ ಮಾತ್ರ ಹಾಡು ಒಲಿಯಲಿಲ್ಲ. ಓದೋದೇ ಅವರ ಹಾಡು. ಅವರು ತೀರಿಕೊಂಡ ಮರುವರ್ಷ, 1997ರಲ್ಲಿ, ಸಂಗೀತಗಾರ ಮಾರ್ಟಿನ್ ಬೆನೆಟ್ ಆ ದನಿಯನ್ನೇ ತಮ್ಮ ಸಂಗೀತದೊಳಗೆ ತಂದರು. ಸುಮ್ನೆ ತಂದಿದ್ದಲ್ಲ.

ರವಿ: ಸಂಗೀತ ಬೆರೆಸಿದ್ದಾರೆ ಅಂದರೆ ಬರೀ ಓದು ಸಾಲಲಿಲ್ಲ ಅಂತಾಯ್ತು.

ದೀಪಾ: ಯಾರಿಗೆ ಸಾಲಲಿಲ್ಲ? ಕವಿತೆ ಶುರುವಾಗೋದೇ ಕಿಟಕಿಗೆ ಹೊಡೆದ ಹಲಗೆ, ಮೊಳೆಗಳಿಂದ. ಹಲಗೆಗೆ ಅವರ ಮಾತಿನಲ್ಲಿ ಇರುವ ಪದದಲ್ಲೇ ಒಂದು ದೀರ್ಘ 'ಊ' ಇದೆ. ಅದನ್ನು ಎಳೆಯದೆ ಓದಿದರೆ ತಪ್ಪು ಓದಿದ ಹಾಗೆ. ಮಂಜುನಾಥ್ ಸಾರ್, ಮೇಲೆ "ಬರಿದಾದ ಊರು" ಅಂತ ಓದಿಕೊಳ್ಳಿ.

ಮಂಜುನಾಥ: "ಬರಿದಾದ" ಅಲ್ಲ ಮೇಡಂ. "ಬರಿದು ಮಾಡಿದ."

ರವಿ: ದೀರ್ಘ ಇದ್ದರೆ ಎರಡು ಮಾತ್ರೆ ಎಳೆಯಲಿ. ಅವರು ನಾಲ್ಕು ಎಳೆಯುತ್ತಾರೆ.