‘ಎಲ್ಲಾ ದೇಶಗಳ ಜನರನ್ನು ಶಿಷ್ಯರನ್ನಾಗಿ ಮಾಡಿರಿ’: ಈ ಮಾತನ್ನು ಮಕ್ಕಳಿಗೆ ಹೇಗೆ ಬಿಡಿಸಿ ಹೇಳುವುದು?

ಪ್ರಶ್ನೆ: ಭಾನುವಾರದ ಟೀಚರ್

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಭಾನುವಾರದ ಶಾಲೆಯಲ್ಲಿ ಹೈಸ್ಕೂಲು ವಯಸ್ಸಿನ ಮಕ್ಕಳಿಗೆ ನಾನು ಪಾಠ ಹೇಳುತ್ತೇನೆ. ಕಳೆದ ವಾರ ಮತ್ತಾಯನ ಸುವಾರ್ತೆಯ 28ನೆಯ ಅಧ್ಯಾಯದಲ್ಲಿ, ಯೇಸು ತನ್ನ ಶಿಷ್ಯರಿಗೆ ‘ನೀವು ಹೊರಟುಹೋಗಿ ಎಲ್ಲಾ ದೇಶಗಳ ಜನರನ್ನು ಶಿಷ್ಯರನ್ನಾಗಿ ಮಾಡಿರಿ’ ಎಂದು ಆಜ್ಞಾಪಿಸುವ ಕೊನೆಯ ವಾಕ್ಯಗಳನ್ನು ಓದಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, “ಟೀಚರ್, ಶಾಲೆಯಲ್ಲಿ ನನ್ನ ಪಕ್ಕ ಕೂರುವ ಗೆಳತಿ ಹಿಂದೂ. ಹಾಗಾದರೆ ನಾನು ಅವಳಿಗೆ ಏನು ಮಾಡಬೇಕು?” ಎಂದು ಕೇಳಿದಳು. ಪ್ರಾರ್ಥಿಸು, ಒಳ್ಳೆಯ ನಡತೆಯಿಂದ ಸಾಕ್ಷಿಯಾಗಿರು ಎಂದು ವಾಡಿಕೆಯ ಉತ್ತರವನ್ನು ಕೊಟ್ಟೆನಾದರೂ, ಅವಳು ಕೇಳಿದ್ದು ಅದನ್ನಲ್ಲ ಎಂಬುದು ನನಗೇ ತಿಳಿಯುತ್ತಿತ್ತು. ಈ ಆಜ್ಞೆ ಯೂದನ ನಂತರ ಉಳಿದಿದ್ದ ಹನ್ನೊಂದು ಮಂದಿ ಶಿಷ್ಯರಿಗೆ ಮಾತ್ರ ಕೊಟ್ಟದ್ದೋ, ಎಲ್ಲ ವಿಶ್ವಾಸಿಗಳಿಗೂ ಸೇರಿದ್ದೋ? ‘ಎಲ್ಲಾ ದೇಶಗಳ ಜನರು’ ಎಂದರೆ ನಿಜವಾಗಿ ಯಾರು? ಮೂಲಭಾಷೆ ಮತ್ತು ಇತಿಹಾಸ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಗ್ರೀಕ್ ವಿದ್ಯಾರ್ಥಿ

ಸಹೋದರಿ, ಮೊದಲು ವ್ಯಾಕರಣವನ್ನು ನೋಡೋಣ. ಕನ್ನಡದಲ್ಲಿ ‘ಹೊರಟುಹೋಗಿ’ ಎಂಬ ಮಾತು ಮೊದಲಿಗೆ ಬರುವುದರಿಂದ ನಮ್ಮ ಗಮನವೆಲ್ಲ ಪ್ರಯಾಣದ ಮೇಲೆ ನಿಲ್ಲುತ್ತದೆ. ಆದರೆ ಗ್ರೀಕ್ ಮೂಲದಲ್ಲಿ ವಿಧ್ಯರ್ಥ ರೂಪದಲ್ಲಿರುವುದು ‘ಶಿಷ್ಯರನ್ನಾಗಿ ಮಾಡಿರಿ’ ಎಂಬ ಒಂದೇ ಕ್ರಿಯಾಪದ. ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಉಪದೇಶಿಸುವುದು ಈ ಮೂರೂ ಅದಕ್ಕೆ ಅಧೀನವಾದ ಕೃದಂತಗಳು, ಅಂದರೆ ಮುಖ್ಯ ಕ್ರಿಯಾಪದಕ್ಕೆ ಜೋಡಿಕೊಂಡು ಬರುವ ರೂಪಗಳು. ಹಾಗೆಂದು ಹೋಗುವುದು ಐಚ್ಛಿಕ ಎಂದು ವಾದಿಸಲಾಗದು, ಏಕೆಂದರೆ ಆ ಕೃದಂತವೂ ಆಜ್ಞೆಯ ಬಲವನ್ನು ಹಂಚಿಕೊಳ್ಳುತ್ತದೆ. ಭಾರ ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಇದಕ್ಕಿಂತ ಮುಖ್ಯವಾದದ್ದು ‘ಎಥ್ನೆ’ ಎಂಬ ಪದ. ಅದರ ಅರ್ಥ ಗಡಿರೇಖೆಗಳುಳ್ಳ ದೇಶ ಎಂದಲ್ಲ, ಜನಾಂಗ ಎಂದು. ಯೆಹೂದ್ಯರ ಬಾಯಲ್ಲಿ ಅದು ಸಾಮಾನ್ಯವಾಗಿ ತಮ್ಮವರಲ್ಲದವರನ್ನು ಸೂಚಿಸುತ್ತಿತ್ತು. ಇದೇ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ಹನ್ನೆರಡು ಮಂದಿಯನ್ನು ಕಳುಹಿಸುವಾಗ ಅನ್ಯಜನರ ಕಡೆಗೆ ಹೋಗಬೇಡಿರಿ ಎಂದು ಕಟ್ಟಪ್ಪಣೆ ಮಾಡುತ್ತಾನೆ. ಅಲ್ಲಿರುವುದೂ ಇದೇ ಪದ. ಕನ್ನಡದಲ್ಲಿ ಒಂದು ಕಡೆ ‘ಅನ್ಯಜನರು’, ಇನ್ನೊಂದು ಕಡೆ ‘ದೇಶಗಳ ಜನರು’ ಎಂದಾಗಿರುವುದರಿಂದ, ಮೊದಲು ಮುಚ್ಚಿದ್ದ ಬಾಗಿಲೇ ಕೊನೆಯಲ್ಲಿ ತೆರೆಯುತ್ತಿದೆ ಎಂಬುದು ಓದುಗರ ಕಣ್ಣಿಗೆ ಬೀಳದೆ ಹೋಗುತ್ತದೆ.

ಇನ್ನೊಂದು ಸಂಗತಿ. 17ನೆಯ ವಾಕ್ಯದಲ್ಲಿ ಕೆಲವರು ಸಂದೇಹಪಟ್ಟರು ಎಂದಿದೆ. ಅವರನ್ನು ಪಕ್ಕಕ್ಕೆ ನಿಲ್ಲಿಸಿ ಉಳಿದವರಿಗೆ ಮಾತ್ರ ಆಜ್ಞೆ ಕೊಟ್ಟನೆಂದು ಮತ್ತಾಯನು ಬರೆದಿಲ್ಲ.

ಉತ್ತರ: ಹಳೆಯ ಪುಟಗಳು

ಆಜ್ಞೆ ಯಾರಿಗೆ ಎಂಬ ಪ್ರಶ್ನೆ ಹೊಸದಲ್ಲ. ಈ ಮಾತು ಅಪೊಸ್ತಲರ, ಅಂದರೆ ಯೇಸು ಕಳುಹಿಸಿದ ಆ ಮೊದಲ ಶಿಷ್ಯರ, ಕಾಲದಲ್ಲಿಯೇ ನೆರವೇರಿ ಮುಗಿಯಿತೆಂದು ಭಾವಿಸಿದವರು ಪ್ರಾಟೆಸ್ಟಂಟ್ ಸಭೆಗಳಲ್ಲಿ ಬಹುಕಾಲ ಇದ್ದರು. ಇಂಗ್ಲೆಂಡಿನಲ್ಲಿ ಚಮ್ಮಾರಿಕೆ ಮಾಡಿಕೊಂಡಿದ್ದು ಬೋಧಕನಾದ ವಿಲಿಯಂ ಕೇರಿ 1792ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ಇದಕ್ಕೆ ಕೊಟ್ಟ ಉತ್ತರ ಸರಳವಾಗಿತ್ತು: ಆಜ್ಞೆ ಅಪೊಸ್ತಲರಿಗೆ ಮಾತ್ರ ಎನ್ನುವುದಾದರೆ ದೀಕ್ಷಾಸ್ನಾನವೂ ಅವರೊಂದಿಗೇ ನಿಲ್ಲಬೇಕಿತ್ತು, ‘ಯುಗದ ಸಮಾಪ್ತಿಯವರೆಗೂ ನಿಮ್ಮ ಸಂಗಡ ಇರುತ್ತೇನೆ’ ಎಂಬ ವಾಗ್ದಾನವೂ ಅವರಿಗೆ ಮಾತ್ರ ಸೇರಬೇಕಿತ್ತು. ಮರುವರ್ಷವೇ ಆತ ಬಂಗಾಳಕ್ಕೆ ಬಂದ. ಆದರೆ ಜರ್ಮನಿಯಲ್ಲಿ ನೆಲೆಸಿದ್ದ ಪ್ರಾಟೆಸ್ಟಂಟ್ ಪಂಗಡವಾದ ಮೊರೇವಿಯನ್ ಸಭೆಯವರು ಆತನಿಗಿಂತ ಅರವತ್ತು ವರ್ಷ ಮೊದಲೇ, 1732ರಲ್ಲಿ, ಕೆರಿಬಿಯನ್ ದ್ವೀಪದ ಗುಲಾಮರ ಬಳಿಗೆ ಹೊರಟಿದ್ದರೆಂಬುದನ್ನು ಮರೆಯಬಾರದು.

ಉತ್ತರ: ಜೆಪ್ಪು ಕಡೆಯವ

ಟೀಚರ್ ಅವರೇ, ಮಕ್ಕಳಿಗೆ ದೂರದ ಕಥೆಗಳಿಗಿಂತ ನಮ್ಮ ಮಂಗಳೂರಿನದೇ ಹೆಚ್ಚು ಹತ್ತಿರವಾಗಬಹುದು. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರಲ್ಲಿ ಇಲ್ಲಿಗೆ ಬಂದಿಳಿದರು. ಎರಡು ವರ್ಷಗಳ ನಂತರ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದ್ದು ಎಲ್ಲರಿಗೂ ಗೊತ್ತು. ಸುವಾರ್ತೆ ಸಾರಲು ಬಂದ ಅದೇ ಮನುಷ್ಯ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದನೆಂಬುದನ್ನು ಮಾತ್ರ ನಮ್ಮ ಸಭೆಗಳಲ್ಲಿ ಯಾರೂ ಹೆಚ್ಚಾಗಿ ಹೇಳುವುದಿಲ್ಲ. 1853ರಲ್ಲಿ ಬಂದ ಕಿಟೆಲ್‌ರು ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ‘ಶಿಷ್ಯ’ ಎಂಬುದಕ್ಕೆ ಕಲಿಯುವವನೆಂಬ ಅರ್ಥವಿರುವುದಾದರೆ, ಶಿಷ್ಯರನ್ನು ಮಾಡಲು ಬಂದವರು ನಲವತ್ತು ವರ್ಷ ನಮ್ಮ ಭಾಷೆಗೆ ತಾವೇ ಶಿಷ್ಯರಾಗಿದ್ದರು ಎಂದು ನಾನು ಹೇಳುತ್ತೇನೆ.

ಆದರೆ ಕಥೆಯ ಇನ್ನೊಂದು ಮಗ್ಗುಲನ್ನೂ ಮಕ್ಕಳಿಂದ ಮರೆಮಾಡಬೇಡಿ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದಾಗ ಊರೇ ಕುದಿಯಿತು. ಅವನು ಮನೆ, ಜಾತಿ ಎರಡನ್ನೂ ಕಳೆದುಕೊಂಡ. ಶೇಂದಿ ಇಳಿಸುವ ಕಸುಬಿನಲ್ಲಿದ್ದ ಬಿಲ್ಲವರು ಸಭೆಗೆ ಸೇರಿದ ಮೇಲೆ ಮಿಷನ್ನಿನವರು ಆ ಕಸುಬನ್ನು ಒಪ್ಪದ ಕಾರಣ ಹೊಟ್ಟೆಪಾಡಿನ ಪ್ರಶ್ನೆ ಎದ್ದಿತು. ನೇಯ್ಗೆಯ ಕಾರ್ಖಾನೆ ಬಂದದ್ದು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾದದ್ದು ಈ ಒತ್ತಡದಿಂದಲೇ. ನಮ್ಮ ಅಜ್ಜಿಯ ಮನೆಯ ಮಾಡನ್ನು ಬಿಚ್ಚಿದಾಗ ಇಳಿಸಿದ ಹಂಚೊಂದನ್ನು ನಾನು ಇಟ್ಟುಕೊಂಡಿದ್ದೇನೆ. ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿದರೆ ಮಿಷನ್ನಿನ ಹೆಸರಿನ ಉಬ್ಬಚ್ಚು ಇನ್ನೂ ಬೆರಳಿಗೆ ಸಿಗುತ್ತದೆ. ಸುವಾರ್ತೆ ಹಂಚಲು ಬಂದವರು ಹಂಚು ಮಾಡಿದರು ಎಂದು ನಮ್ಮ ಅಜ್ಜ ನಗುತ್ತಿದ್ದರು. ಸಭೆಗೆ ಬಂದವನ ಹೊಟ್ಟೆಪಾಡು ಸಭೆಯ ಕೈಯಲ್ಲಿಯೇ ಇದ್ದಾಗ ಅವನ ವಿಶ್ವಾಸ ಎಷ್ಟು ಸ್ವತಂತ್ರ ಎಂಬ ಸಂಶಯ ಆಗಲೂ ಇತ್ತು, ಅದು ಅನ್ಯಾಯದ ಸಂಶಯವೇನೂ ಅಲ್ಲ.

ಉತ್ತರ: ಹೊರಗಿನ ಓದುಗ

ನಾನು ಕ್ರೈಸ್ತನಲ್ಲ, ಈ ಪುಟವನ್ನು ಆಸಕ್ತಿಯಿಂದ ಓದುವವನು. ಆ ಹುಡುಗಿಯ ಗೆಳತಿಯ ಕಡೆಯಿಂದ ಒಂದು ಮಾತು ಹೇಳಬಹುದೇ? ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಒಳಗೊಂಡಿದೆ. ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಆ ತೀರ್ಪನ್ನು ಟೀಕಿಸುವವರೂ ಇದ್ದಾರೆ, ಅದು ಬೇರೆ ಚರ್ಚೆ. ನನ್ನ ಕಳವಳ ಕಾನೂನಿನದಲ್ಲ. ಗೆಳತಿಯೊಬ್ಬಳು ತನ್ನನ್ನು ‘ಇನ್ನೂ ಆಗಬೇಕಾದ ಕೆಲಸ’ ಎಂಬಂತೆ ನೋಡುತ್ತಿದ್ದಾಳೆಂದು ಆ ಮಗುವಿಗೆ ಅನ್ನಿಸಿದರೆ ಗೆಳೆತನ ಅಲ್ಲಿಗೆ ಮುಗಿಯುತ್ತದೆ. ಒಬ್ಬನನ್ನು ಮತಕ್ಕೆ ಸೇರಿಸಿಕೊಳ್ಳಲು ಸಮುದ್ರವನ್ನೂ ಭೂಮಿಯನ್ನೂ ಸುತ್ತುವವರನ್ನು ಯೇಸು ಕಟುವಾಗಿ ಖಂಡಿಸುವ ಮಾತು ಇದೇ ಮತ್ತಾಯನ 23ನೆಯ ಅಧ್ಯಾಯದಲ್ಲಿಯೇ ಇದೆಯಲ್ಲವೇ?

ಉತ್ತರ: ಗ್ರೀಕ್ ವಿದ್ಯಾರ್ಥಿ

ಇದೆ, 15ನೆಯ ವಾಕ್ಯ. ಅಲ್ಲಿನ ಖಂಡನೆ ಸೇರಿಸಿಕೊಳ್ಳುವುದಕ್ಕಿಂತ ಸೇರಿದವನನ್ನು ಏನನ್ನಾಗಿ ಮಾಡುತ್ತೀರಿ ಎಂಬುದರ ಮೇಲಿದೆ ಎಂದು ನನಗೆ ಕಾಣುತ್ತದೆ; ಆದರೂ ತಾವು ಎತ್ತಿದ ಎಚ್ಚರಿಕೆ ನ್ಯಾಯವಾದದ್ದು. ಟೀಚರ್ ಅವರು ಇದರ ಜೊತೆಗೆ ಬೈಬಲಿನಲ್ಲಿರುವ ಪೇತ್ರನ ಮೊದಲನೆಯ ಪತ್ರಿಕೆಯ (ಪತ್ರದ) 3ನೆಯ ಅಧ್ಯಾಯದ 15ನೆಯ ವಾಕ್ಯವನ್ನೂ ಓದಿಸಬಹುದು. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸೌಮ್ಯತೆಯಿಂದ ಹೇಳಿರಿ ಎಂಬುದು ಅದರ ತಾತ್ಪರ್ಯ. ಅಲ್ಲಿ ಮೊದಲು ಮಾತಾಡುವವನು ಕೇಳುವವನೇ.

ಉತ್ತರ: ಭಾನುವಾರದ ಟೀಚರ್

ಎಲ್ಲರಿಗೂ ಧನ್ಯವಾದಗಳು. ‘ಹೊರಗಿನ ಓದುಗ’ರ ಮಾತು ನನ್ನನ್ನು ಸ್ವಲ್ಪ ನೋಯಿಸಿತು, ಏಕೆಂದರೆ ನಾನು ಕೊಟ್ಟ ಉತ್ತರದಲ್ಲಿ ಆ ಗೆಳತಿ ಇರಲೇ ಇಲ್ಲ. ಬರುವ ವಾರ ಅಪೊಸ್ತಲರ ಕೃತ್ಯಗಳು 10ನೆಯ ಅಧ್ಯಾಯವನ್ನು ತೆಗೆದುಕೊಳ್ಳಬೇಕೆಂದಿದ್ದೇನೆ. ರೋಮನ್ ಸೈನ್ಯಾಧಿಕಾರಿಯಾದ ಕೊರ್ನೇಲ್ಯನ ಹೊಸ್ತಿಲು ದಾಟಲು, ಅನ್ಯಜನರ ಮನೆಗೆ ಹೋಗಬಾರದೆಂದಿದ್ದ ಯೆಹೂದ್ಯನಾದ ಪೇತ್ರನಿಗೆ ಮೂರು ಸಲ ದರ್ಶನವಾಗಬೇಕಾಯಿತು. ಒಳಗೆ ಹೋದವನು ಮೊದಲು ಕೇಳಿದ್ದು, ನನ್ನನ್ನು ಏಕೆ ಕರೆಯಿಸಿದಿರಿ ಎಂದು. ಆ ಹುಡುಗಿ ಪ್ರತಿ ವರ್ಷ ದೀಪಾವಳಿಗೆ ಗೆಳತಿಯ ಮನೆಗೆ ಊಟಕ್ಕೆ ಹೋಗುತ್ತಾಳಂತೆ. ಈ ಅಧ್ಯಾಯವನ್ನು ತರಗತಿಯಲ್ಲಿ ಅವಳಿಂದಲೇ ಓದಿಸುತ್ತೇನೆ.