ಅಪ್‌ಡೇಟ್: ತೊನ್ನಿಗಾಗಿ ಪ್ರಾರ್ಥನೆ ಕೇಳಿದ್ದೆ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಮುಖ, ಕೈ ಮೇಲಿನ ತೊನ್ನು ವಾಸಿಯಾಗಲಿ, ಕನ್ನಡಿ ನೋಡುವ ಧೈರ್ಯ ಬರಲಿ ಅಂತ ರಾಯಚೂರಿಂದ ಪ್ರಾರ್ಥನೆ ಕೇಳಿದ್ದೆ.

ನೀವು ಹೇಳಿದಂತೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಯುವಿಬಿ ಅನ್ನೋ ನೇರಳಾತೀತ ಬೆಳಕಿನ ಚಿಕಿತ್ಸೆ ನಡೆದಿದೆ. ಕೆನ್ನೆಯ ಬಿಳುಪಿನೊಳಗೆ, ಕೂದಲ ಬುಡದ ಸುತ್ತ, ಎಳ್ಳಿನಷ್ಟು ಕಂದು ಚುಕ್ಕಿಗಳು ಮೂಡಿವೆ. ದೇವರಿಗೆ ಸ್ತೋತ್ರ! ಬೆರಳ ತುದಿ ಹಾಗೇ ಇದೆ. ಅಲ್ಲಿ ಬಣ್ಣ ಮರಳೋದು ಕಷ್ಟವಂತೆ.

'ಪಾಪದ ಫಲ' ಅಂದವರ ಮಾತು ಬಹಳ ನೋಯಿಸಿತ್ತು. ಹುಟ್ಟುಕುರುಡನ ವಿಷಯದಲ್ಲಿ ಯೇಸುಸ್ವಾಮಿಯೇ ಆ ಮಾತನ್ನು ತಳ್ಳಿಹಾಕಿದ್ದನ್ನು ನಿಮ್ಮಲ್ಲೊಬ್ಬ ಅಕ್ಕ ತೋರಿಸಿಕೊಟ್ಟರು, ಬೈಬಲಿನ ಯೋಹಾನ 9ನೇ ಅಧ್ಯಾಯದಲ್ಲಿ. ಓದಿ ಅತ್ತುಬಿಟ್ಟೆ. ಅಪೊಸ್ತಲ ಪೌಲನು ಮೂರು ಸಲ ಬೇಡಿದರೂ ಅವನು 'ಶರೀರದಲ್ಲಿನ ಮುಳ್ಳು' ಅಂದ ಬಾಧೆ ಹೋಗಲಿಲ್ಲ, ಅದನ್ನು ತಾಳೋ ಕೃಪೆ ಸಿಕ್ಕಿತು. ವಾಸಿಮಾಡು ತಂದೆಯೇ ಅಂತ ಈಗಲೂ ಬೇಡ್ತೀನಿ. ಅದರ ಜೊತೆಗೆ, ಹೀಗೇ ಇದ್ದರೂ ನಾನು ನಿನ್ನ ಮಗಳೇ ಅಂತಾನೂ ಹೇಳ್ತೀನಿ.

ಹೋದ ಭಾನುವಾರ ಸಭೆಯಲ್ಲಿ ಕರ್ತನ ಭೋಜನದ ರೊಟ್ಟಿಗೆ ಇದೇ ಬಿಳಿ ಬೆರಳುಗಳನ್ನು ಚಾಚಿದೆ. ಮುಂಚೆ ಸೆರಗಿನಲ್ಲಿ ಮುಚ್ಚಿಕೊಳ್ತಿದ್ದೆ.

ತಂಗಿಯ ಮದುವೆ ಮಾತು ನಡೆದಿದೆ. ತೊನ್ನು ಅಂಟುರೋಗ ಅಲ್ಲ ಅಂತ ಗಂಡಿನ ಕಡೆಯವರಿಗೆ ಅಪ್ಪ ತಿಳಿಸಿ ಹೇಳಿದ್ದಾರೆ. ಅದಕ್ಕೂ ದಯವಿಟ್ಟು ಪ್ರಾರ್ಥಿಸಿರಿ.